ಮೇಣದಲ್ಲಿ ಅದ್ದದ ಸುರುಳಿ

ಎದುವೀಹೆಸ್ ಆರಾಂಬುಲಾ ಎಂಬ ಪೂರ್ತಿ ಹೆಸರು ಹಿಡಿದು ಫುಲರ್ಟನ್ನಿನ ರೈಲು ಹಳಿಯ ಈಚೆ ಬದಿಯ ಓಣಿಗಳಲ್ಲಿ ಪಾದ್ರಿಗಳನ್ನು ಬಿಟ್ಟರೆ ಯಾರೂ ಕರೆದವರಲ್ಲ. ಎಲ್ಲರ ಬಾಯಲ್ಲೂ ಅವಳು ದುವಿ. ಹುಡುಗಿಯಾಗಿದ್ದಾಗಿನಿಂದ ಕಿತ್ತಳೆ ಮಂಡಿಯಲ್ಲಿ ಹಣ್ಣಿಗೆ ತೆಳು ಕಾಗದ ಸುತ್ತುವ ಕೆಲಸ ಮಾಡಿಕೊಂಡಿದ್ದವಳು. ಎಡಗೈಯಲ್ಲಿ ಹಣ್ಣು, ಬಲಗೈಯಲ್ಲಿ ಕಾಗದ, ಒಂದು ತಿರುವು, ಮುಗಿಯಿತು. ಕಣ್ಣು ಬೇರೆಲ್ಲೋ ಇರುತ್ತಿತ್ತು. ಆ ಕೈಯನ್ನು ಕಂಡೇ ದೋನ್ಯಾ ಕೂಕಾ ಅವಳನ್ನು ಹಾಲರನ್ ಸಾಹೇಬನ ಗಿಟಾರ್ ಕಾರ್ಖಾನೆಗೆ ಎಳೆದುಕೊಂಡು ಹೋದದ್ದು.

ದೋನ್ಯಾ ಎಂದರೆ ಅವರ ಮಾತಿನಲ್ಲಿ ಅಮ್ಮನವರು; ಕೂಕಾ ಆ ಕಾರ್ಖಾನೆಯ ತಂತಿ ಸುತ್ತುವ ಕೋಣೆಯ ಹಿರಿಯಳು. ಮೈ ದಪ್ಪ, ದನಿ ಅದಕ್ಕಿಂತ ದಪ್ಪ, ಬೆರಳು ಮಾತ್ರ ಹದಿನಾರರ ಹುಡುಗಿಯದ್ದು.

"ಕೈ ಚಾಚು," ಎಂದಳು ಮೊದಲ ದಿನ. ದುವಿಯ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನೋಡಿದಳು. "ಒಣಗಿದೆ. ಒಳ್ಳೇದಾಯ್ತು. ಬೆವರೋ ಕೈ ಆಗಿದ್ರೆ ವಾಪಸ್ ಕಳಿಸ್ತಿದ್ದೆ. ಬೆವರು ತಾಗಿದ್ರೆ ತಂತಿ ಹಸಿರುಗಟ್ಟಿ ಸಾಯುತ್ತೆ."

ಅಲ್ಲಿ ಹೆಂಗಸರು ಸುತ್ತುತ್ತಿದ್ದುದು ಕೂದಲಿಗಿಂತ ಸಣ್ಣ ತಾಮ್ರದ ತಂತಿ. ಆರು ಪುಟ್ಟ ಅಯಸ್ಕಾಂತಗಳನ್ನು ಸಾಲಾಗಿ ನೆಟ್ಟ ಕಪ್ಪು ಬಾಬಿನ್ನನ್ನು ಹೊಲಿಗೆ ಯಂತ್ರದ ಮೋಟರು ಗಿರ್ರನೆ ತಿರುಗಿಸುತ್ತಿತ್ತು. ಬೆರಳ ತುದಿಯಲ್ಲಿ ಹಿಡಿದ ತಂತಿ ಅದರ ಸುತ್ತ ಸಾವಿರಾರು ಸುತ್ತು ಸುತ್ತಿಕೊಳ್ಳುತ್ತಿತ್ತು. ಸುರುಳಿ ತುಂಬಿದ ಮೇಲೆ ಕಾಯಿಸಿದ ಮೇಣದ ಬಾಣಲೆಯಲ್ಲಿ ಅದನ್ನು ಅದ್ದಿ ತೆಗೆಯಬೇಕು. ಮೇಣ ಒಳಹೊಕ್ಕು ಗಟ್ಟಿಯಾದರೆ ಸುತ್ತುಗಳು ಅಲ್ಲಾಡುವುದಿಲ್ಲ. ಆಮೇಲೆ ಅದು ಗಿಟಾರಿನ ತಂತಿಗಳ ಅಡಿಗೆ ಹೋಗಿ ಕೂರುತ್ತದೆ. ಮೇಲಿನ ಉಕ್ಕಿನ ತಂತಿ ನಡುಗಿದರೆ ಕೆಳಗಿನ ಸುರುಳಿಗೆ ಗೊತ್ತಾಗುತ್ತದೆ, ಆ ನಡುಕವನ್ನು ಅದು ವಿದ್ಯುತ್ತಾಗಿಸಿ ಆಂಪ್ಲಿಫೈಯರ್ ಪೆಟ್ಟಿಗೆಗೆ ಕಳಿಸುತ್ತದೆ. ಸಾಹೇಬರು ಇದಕ್ಕೆ ಪಿಕಪ್ ಎನ್ನುತ್ತಿದ್ದರು. ಹೆಂಗಸರು ತಮ್ಮ ಸ್ಪ್ಯಾನಿಷಿನಲ್ಲಿ ಮಾತ್ರೆ ಎನ್ನುತ್ತಿದ್ದರು. "ಇವತ್ತು ಎಷ್ಟು ಮಾತ್ರೆ ಆಯ್ತೇ?" ಎಂದು ಬೆಂಚಿನಿಂದ ಬೆಂಚಿಗೆ ಕೂಗಾಟ. ಪ್ರತಿಯೊಬ್ಬಳೂ ತನ್ನ ಸುರುಳಿಯ ಬುಡಕ್ಕೆ ಒಂದು ಚೂರು ಟೇಪು ಅಂಟಿಸಿ ಹೆಸರಿನ ಮೊದಲ ಅಕ್ಷರ ಬರೆಯುತ್ತಿದ್ದಳು. ತಪ್ಪು ಯಾರದ್ದೆಂದು ಹುಡುಕಲು ಅನುಕೂಲವಾಗಲೆಂದು ಸಾಹೇಬ ಮಾಡಿದ ಏರ್ಪಾಡು ಅದು.

ದೋನ್ಯಾ ಕೂಕಾ ಈ ಕಸುಬಿನ ಎಲ್ಲ ಕಾಲವನ್ನೂ ಕಂಡವಳು. ಎರಡನೇ ಮಹಾಯುದ್ಧಕ್ಕೆ ಮೊದಲು ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಹವಾಯಿ ಗಿಟಾರಿಗೆ ಸುತ್ತಿದ್ದಳು. ಆಗ ಕುದುರೆ ಲಾಳದಂಥ ದೊಡ್ಡ ಅಯಸ್ಕಾಂತ ತಂತಿಗಳನ್ನೇ ತಬ್ಬಿಕೊಂಡು ಕೂತಿರುತ್ತಿತ್ತಂತೆ. ಯುದ್ಧದಲ್ಲಿ ಗಿಟಾರು ನಿಂತು ಸೈನ್ಯದ ರೇಡಿಯೋಗಳಿಗೆ ಸುತ್ತಿದಳು. ಯುದ್ಧ ಮುಗಿದು ಹೊಟ್ಟೆ ಟೊಳ್ಳಿಲ್ಲದ, ಬರೀ ಹಲಗೆಯಿಂದ ಕೊಯ್ದ ಗಿಟಾರು ಬಂದ ದಿನ ಕೋಣೆಯೆಲ್ಲ ನಕ್ಕಿತ್ತು. "ಇದೇನು ವಾದ್ಯವೋ ರೊಟ್ಟಿ ಲಟ್ಟಿಸೋ ಮಣೆಯೋ?" ಎಂದಿದ್ದಳು ಕೂಕಾ. ಆ ಮಣೆ ದೇಶವನ್ನೆಲ್ಲ ಹಿಡಿಯಿತು. ಮೊದಲು ಒಂದೇ ಮಾತ್ರೆಯದು, ಮುಂದಿನ ವರ್ಷ ಎರಡರದು, ಆಮೇಲೆ ಮೂರು ಮಾತ್ರೆ, ಬೆನ್ನಿಗೆ ಸ್ಪ್ರಿಂಗು, ದನಿಯನ್ನೇ ಬಗ್ಗಿಸುವ ಹಿಡಿ. ಹಾಲರನ್ ಸಾಹೇಬ ಮೊದಲು ಕಿವುಡರ ಕಿವಿಗೆ ಯಂತ್ರ ಮಾಡುತ್ತಿದ್ದವನು. ದೇಶದ ಪೂರ್ವ ಕಡೆಯ ಕಂಪನಿಗಳು ಏನು ತಂದರೂ ತಾನೂ ಒಂದು ತರದೆ ಬಿಡುತ್ತಿರಲಿಲ್ಲ.

ದುವಿ ಮದುವೆಯಾದದ್ದು ನಸಾರಿಯೊ ಕಿರೋಸ್ ಎಂಬವನನ್ನು. ಗಡಿಯಾಚೆಯ ಹಾಲಿಸ್ಕೋ ಕಡೆಯವನು, ಕಿತ್ತಳೆ ಕೀಳಲು ದಾಟಿ ಬಂದವನು, ಇಲ್ಲಿರಲು ಕಾಗದಪತ್ರವಿಲ್ಲದವನು. ವಾರವಿಡೀ ಏಣಿಯ ಮೇಲೆ, ಭಾನುವಾರ ಸಂಜೆ ಸಭಾಂಗಣದ ಕುಣಿತಕ್ಕೆ ಗಿಟಾರು. ಅಕಾರ್ಡಿಯನ್ ಮತ್ತು ಸ್ಯಾಕ್ಸೊಫೋನಿನ ಮುಂದೆ ಅವನ ಹಳೆಯ ಟೊಳ್ಳು ಗಿಟಾರಿನ ದನಿ ಯಾರ ಕಿವಿಗೂ ಬೀಳುತ್ತಿರಲಿಲ್ಲ.

"ನಾನು ಕೈಯಾಡಿಸೋದನ್ನ ಜನ ನೋಡ್ತಾರೆ ಅಷ್ಟೆ. ನೊಣ ಓಡಿಸ್ತಿದಾನೆ ಅಂದ್ಕೊಂಡಿರ್ತಾರೆ," ಎಂದು ಅವನೇ ನಗುತ್ತಿದ್ದ.

ಕಾರ್ಖಾನೆಯಲ್ಲಿ ಮರದಲ್ಲಿ ಗಂಟು ಬಂದ ಹಲಗೆಗಳನ್ನು ಕೆಲಸದವರಿಗೆ ಬಿಟ್ಟುಬಿಡುತ್ತಿದ್ದರು. ಮೂಲೆ ಕೊಂಬಿನಂತೆ ಚಾಚಿದ ಕಡೆ ಕಣ್ಣಿನ ಗುಡ್ಡೆಯಂಥ ಕಪ್ಪು ಗಂಟಿದ್ದ ಒಂದು ಹಲಗೆಯನ್ನು ದುವಿ ಮನೆಗೆ ತಂದಳು. ಕತ್ತು, ಬಿರಡೆ, ತಂತಿ ಒಂದೊಂದಾಗಿ ಕೂಡಿದವು. ಮಾತ್ರೆಯನ್ನು ಅವಳು ಊಟದ ಬಿಡುವಿನಲ್ಲಿ ತಾನೇ ಸುತ್ತಿದಳು. ಸಾಹೇಬನ ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚೇ ಸುತ್ತಿದಳು. ಅಕಾರ್ಡಿಯನ್ ಮುಂದೆ ಗಂಡ ಸೋಲಬಾರದು. ಅಂದು ಮೇಣದ ಬಾಣಲೆ ಕೆಟ್ಟು ತಣ್ಣಗಾಗಿತ್ತು. ಭಾನುವಾರದ ಕುಣಿತ ಹತ್ತಿರವಿತ್ತು. ಹಾಗೇ ತಂದು ಜೋಡಿಸಿಬಿಟ್ಟಳು.

"ಅದ್ದಿಲ್ವಾ?" ಎಂದಳು ದೋನ್ಯಾ ಕೂಕಾ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. "ಅದ್ದದೇ ಇರೋ ಸುರುಳಿ ಎಲ್ಲಾನೂ ಕೇಳಿಸ್ಕೊಳ್ಳುತ್ತೆ ಕಣೇ. ತಂತಿದು ಮಾತ್ರ ಅಲ್ಲ. ಎಲ್ಲಾನೂ."

"ಕೇಳಿಸ್ಕೊಳ್ಳಲಿ ಬಿಡಿ ದೋನ್ಯಾ. ನಮ್ಮನೇಲಿ ಗುಟ್ಟೇನಿದೆ?"

ಕೂಕಾ ಹೇಳಿದಂತೆಯೇ ಆಯಿತು. ದನಿ ಏರಿಸಿದರೆ ಆ ಗಿಟಾರು ಬೆಕ್ಕಿನಂತೆ ಕಿರುಚುತ್ತಿತ್ತು. ಹಲಗೆಗೆ ಉಗುರು ತಾಗಿದರೂ ಆಂಪ್ಲಿಫೈಯರ್ ಪೆಟ್ಟಿಗೆಯಲ್ಲಿ ಬಾಗಿಲು ಬಡಿದಂತೆ ಕೇಳುತ್ತಿತ್ತು. ಒಂದು ದಿನ ನಸಾರಿಯೊ ಶ್ರುತಿ ಮಾಡುತ್ತ ತಂತಿಗಳ ಮೇಲೆ ಬಾಗಿದವನು ಕೆಮ್ಮಿದ. ಕೋಣೆಯ ಆಚೆ ತುದಿಯಲ್ಲಿದ್ದ ಪೆಟ್ಟಿಗೆಯೂ ಕೆಮ್ಮಿತು. ಅವನು ಕಣ್ಣರಳಿಸಿ ಹೆಂಡತಿಯನ್ನು ನೋಡಿದ. ತುಟಿಯನ್ನು ಮಾತ್ರೆಯ ಹತ್ತಿರಕ್ಕೆ ತಂದು, "ದುವೀ..." ಎಂದ. ಬಾವಿಯ ತಳದಲ್ಲಿ ನಿಂತು ಯಾರೋ ಮೇಲಕ್ಕೆ ಮುಖವೆತ್ತಿ ಕರೆದಂತೆ ಪೆಟ್ಟಿಗೆಯಿಂದ ಅವಳ ಹೆಸರು ಬಂತು.

ಅಲ್ಲಿಂದಾಚೆ ಪ್ರತಿ ಕುಣಿತದ ಕಡೆಯ ಹಾಡು ಮುಗಿಯುವಾಗ ನಸಾರಿಯೊ ಗಿಟಾರಿಗೆ ಮುತ್ತಿಡುವವನಂತೆ ಬಾಗಿ ಹಾಗೆ ಕರೆಯುವುದು ಪದ್ಧತಿಯಾಯಿತು. ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು, ಮುದುಕಿಯರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ದುವಿಗೆ ನಾಚಿಕೆಯೂ ಆಗುತ್ತಿತ್ತು, ಮೈ ಜುಮ್ಮೆನ್ನುತ್ತಲೂ ಇತ್ತು. "ಅದು ನಿನ್ನ ದನಿ ಥರಾನೇ ಇರಲ್ಲ," ಎಂದಳು ಒಮ್ಮೆ. "ಯಾರೋ ಸತ್ತೋರು ಕರ್‍ದಂಗಿರುತ್ತೆ."

"ಸತ್ರೂ ಕರೀತೀನಿ ಅಂತ ತಿಳ್ಕೋ," ಎಂದು ಅವನು ಅವಳ ಜಡೆ ಎಳೆದ.

ಐವತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಸರಕಾರದವರು ಊರೂರಲ್ಲಿ ಗಡಿಯಾಚೆಯ ಜನರನ್ನು ಹಿಡಿಯುವುದು ಶುರುವಾಯಿತು. ತೋಟಗಳಲ್ಲಿ, ಬಸ್ಸಿನಲ್ಲಿ, ಸಿನೆಮಾದ ಬಾಗಿಲಲ್ಲಿ ಕಾಗದ ಕೇಳಿದರು. ಇಲ್ಲದವರನ್ನು ಲಾರಿಗೆ ತುಂಬಿ ಗಡಿಯಾಚೆ ಇಳಿಸಿದರು. ನಸಾರಿಯೊ ಇಂಡಿಯೊ ಊರಿನ ಒಂದು ಮದುವೆಗೆ ನುಡಿಸಲು ಹೊರಟಿದ್ದ. ಅಲ್ಲಿ ಸಭಾಂಗಣದವರದೇ ಆಂಪ್ಲಿಫೈಯರ್ ಇದೆಯೆಂದು ತನ್ನದನ್ನು ಮನೆಯಲ್ಲೇ ಬಿಟ್ಟು ಗಿಟಾರೊಂದನ್ನೇ ಬೆನ್ನಿಗೆ ಹಾಕಿಕೊಂಡು ಹೋದ. ಮದುವೆಗೆ ಅವನು ಮುಟ್ಟಲಿಲ್ಲ. ಜೊತೆಗಿದ್ದ ಅಕಾರ್ಡಿಯನ್ನಿನವನಿಗೆ ಕಾಗದವಿತ್ತು. ಅವನು ಮರಳಿ ಬಂದು ಹೊಸ್ತಿಲ ಹೊರಗೇ ನಿಂತು ಟೋಪಿ ತಿರುವುತ್ತ, ಗಿಟಾರಿನ ಸಮೇತ ಲಾರಿ ಹತ್ತಿಸಿದರೆಂದು ಸುದ್ದಿ ಹೇಳಿದ. ತಿಂಗಳಾದ ಮೇಲೆ ಯಾರದೋ ಬಾಯಲ್ಲಿ ಒಂದು ಮಾತು ಬಂತು: ಗಡಿಯಾಚೆ ಮೆಹಿಕಾಲಿಯ ಹತ್ತಿ ಹೊಲದಲ್ಲಿದ್ದಾನಂತೆ, ಹತ್ತಿ ಬಿಡಿಸುವುದು ಮುಗಿದ ಕೂಡಲೇ ದಾಟಿ ಬರುತ್ತಾನಂತೆ.

ಹತ್ತಿ ಮುಗಿಯಿತು, ಅವನು ಬರಲಿಲ್ಲ. ದುವಿ ಗಡಿಗೆ ಹೋಗಿ ಬಂದಳು. ಕಛೇರಿಗಳಲ್ಲಿ ನಿಂತಳು, ಹತ್ತಿ ಶಿಬಿರಗಳ ಹೆಸರು ಕೇಳಿದಳು. ನಸಾರಿಯೊ ಎಂಬ ಹೆಸರಿನವರು ಸಿಕ್ಕರು, ಅವಳವನು ಸಿಗಲಿಲ್ಲ. ಬೇರೊಬ್ಬಳನ್ನು ಕಟ್ಟಿಕೊಂಡಿರಬೇಕೆಂದು ಓಣಿಯ ಗಂಡಸರೆಂದರು. ವಿಧವೆಯ ಕರಿಬಟ್ಟೆ ಉಡಬೇಕೋ ಬೇಡವೋ ಎಂದು ಅವಳು ಪಾದ್ರಿಯನ್ನು ಕೇಳಿದಳು. ಗೊತ್ತಾಗುವ ತನಕ ಬೂದುಬಣ್ಣ ಉಡಮ್ಮಾ ಎಂದರು ಅವರು. ದುವಿ ಬೂದುಬಣ್ಣ ಉಟ್ಟಳು.

ಕೆಲಸ ಬಿಡಲಿಲ್ಲ. ಸುತ್ತುವ ಕೋಣೆಯ ಗೋಡೆಯಾಚೆ ಪರೀಕ್ಷೆಯ ಕೋಣೆ. ಸಿದ್ಧವಾದ ಪ್ರತಿ ಗಿಟಾರನ್ನೂ ಅಲ್ಲಿ ಒಮ್ಮೆ ಮೀಟಿ ನೋಡುತ್ತಿದ್ದರು. ಆ ಮೀಟು ಕೇಳಿದಾಗಲೆಲ್ಲ ದುವಿಯ ಬೆರಳು ನಿಂತುಬಿಡುತ್ತಿತ್ತು. ಅದರ ಹಿಂದೆ ಇನ್ನೇನೋ ಬರಬೇಕಿತ್ತು, ಬರುತ್ತಿರಲಿಲ್ಲ. ಬೆರಳು ನಿಂತರೆ ತಂತಿ ತುಂಡು. ಒಂದು ಕಾಲಕ್ಕೆ ಇಡೀ ಕೋಣೆಯಲ್ಲಿ ಕಡಿಮೆ ತಂತಿ ಕಡಿದವಳೆನಿಸಿಕೊಂಡಿದ್ದವಳ ಮೇಜಿನ ಕೆಳಗೆ ಈಗ ತಾಮ್ರದ ಕೂದಲು ಉದುರಿ ಬಿದ್ದಿರುತ್ತಿತ್ತು. ದೋನ್ಯಾ ಕೂಕಾ ಅದನ್ನು ಗುಡಿಸಿ ಹಾಕುತ್ತಿದ್ದಳು.

ಮನೆಯಲ್ಲಿ ಆಂಪ್ಲಿಫೈಯರ್ ಪೆಟ್ಟಿಗೆ ಮೂಲೆಯಲ್ಲಿತ್ತು. ಗಿಟಾರಿಗೆ ಸಿಕ್ಕಿಸುವ ವೈರು ಖಾಲಿಯಾಗಿ ನೆಲದ ಮೇಲೆ ಬಿದ್ದುಕೊಂಡಿತ್ತು. ಒಂದು ಭಾನುವಾರ ಚರ್ಚಿನಿಂದ ಬಂದವಳು ಸುಮ್ಮನೆ ಅದರ ಗುಂಡಿ ತಿರುಗಿಸಿದಳು. ಕೆಂಪು ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಬೆಚ್ಚಗಾಗಿ ಗುಂಯ್ ಎನ್ನತೊಡಗಿತು. ಮನೆಯೊಳಗೆ ಯಾರೋ ಉಸಿರಾಡುತ್ತಿದ್ದಾರೆ ಎನ್ನಿಸಿತು ಅವಳಿಗೆ. ಅಂದಿನಿಂದ ಭಾನುವಾರ ಮಧ್ಯಾಹ್ನವೆಲ್ಲ ಅದನ್ನು ಹಚ್ಚಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕಾಳು ಆರಿಸುತ್ತಲೋ ಬಟ್ಟೆ ಹೊಲಿಯುತ್ತಲೋ ಕೂರುವುದು ರೂಢಿಯಾಯಿತು. ಬೇಲಿಯಾಚೆಯ ಹೆಂಗಸು, "ದುವಿ ಮನೇಲಿ ಜೇನು ಕಟ್ಟಿದೆ," ಎಂದು ತಮಾಷೆ ಮಾಡುತ್ತಿದ್ದಳು. ಒಂದು ಸಾರಿ ಒಳಗೆ ಬಂದು ನೋಡಿದಳು. ಖಾಲಿ ವೈರು, ಗುಂಯ್‌ಗುಡುವ ಪೆಟ್ಟಿಗೆ, ಅದರ ಕಡೆ ಕಿವಿ ತಿರುಗಿಸಿ ಕೂತ ದುವಿ. ಆಮೇಲೆ ತಮಾಷೆ ಮಾಡಲಿಲ್ಲ.

ಇದರ ನಡುವೆ ಪೂರ್ವದ ಕಂಪನಿಗಳಿಂದ ಹೊಸ ಬಗೆಯ ಮಾತ್ರೆಯ ಸುದ್ದಿ ಬಂತು. ಒಂದರ ಪಕ್ಕ ಒಂದು ಎರಡು ಸುರುಳಿ, ಒಂದನ್ನು ಬಲಕ್ಕೆ ಸುತ್ತಿದರೆ ಇನ್ನೊಂದನ್ನು ಎಡಕ್ಕೆ. ಗಾಳಿಯಲ್ಲಿರುವ ವಿದ್ಯುತ್ತಿನ ಗುಂಯ್‌ಕಾರ ಎರಡಕ್ಕೂ ತಾಗಿ, ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಹಾಲರನ್ ಸಾಹೇಬನೂ ತನ್ನದೊಂದು ಮಾಡಿಸಿದ. ಎಡಕ್ಕೆ ಸುತ್ತುವ ಕೆಲಸ ದುವಿಯ ಪಾಲಿಗೆ ಬಂತು. ಮೊದಲ ಗಿಟಾರನ್ನು ಪರೀಕ್ಷಿಸುವಾಗ ಎಲ್ಲರನ್ನೂ ಕರೆದಿದ್ದ. ಪೆಟ್ಟಿಗೆಯ ದನಿಯನ್ನು ಪೂರ್ತಿ ಏರಿಸಿದರು. ಏನೂ ಇಲ್ಲ. ಹತ್ತಿಯೊಳಗೆ ಕಿವಿ ಹುದುಗಿಸಿದಂಥ ಮೌನ. ಗಂಡಸರು ಚಪ್ಪಾಳೆ ತಟ್ಟಿದರು. ದುವಿ ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಏನಾಯ್ತೇ?" ಎಂದು ಬೆನ್ನು ಸವರಿದಳು ಕೂಕಾ.

"ಒಳಗೆ ಯಾರೂ ಇಲ್ಲ ದೋನ್ಯಾ. ಕೇಳಿದ್ರಲ್ಲ? ಯಾರೂ ಇಲ್ಲ."

ನಾಲ್ಕನೆಯ ವರ್ಷದ ಬೇಸಿಗೆ. ಭಾನುವಾರ ಮಧ್ಯಾಹ್ನ ಪೆಟ್ಟಿಗೆ ಎಂದಿನಂತೆ ಗುಂಯ್‌ಗುಡುತ್ತಿತ್ತು. ಖಾಲಿ ವೈರು ಆಗಾಗ ರೇಡಿಯೋದ ಅಲೆಯನ್ನು ಹಿಡಿಯುವುದುಂಟು. ಎಂದೋ ಒಮ್ಮೆ ಉಪದೇಶ, ಇನ್ನೊಮ್ಮೆ ಸೋಪಿನ ಜಾಹೀರಾತು. ಅಂದು ಗುಂಯ್‌ಕಾರದ ಅಡಿಯಿಂದ ಗಡಿಯಾಚೆಯ ಯಾವುದೋ ಕುಣಿತದ ಪೋಲ್ಕಾ ಎಂಬ ಮಟ್ಟು ತೇಲಿಬಂತು. ಅಕಾರ್ಡಿಯನ್, ಸ್ಯಾಕ್ಸೊಫೋನು, ಅವುಗಳ ಹಿಂದೆ ಒಂದು ಗಿಟಾರು. ದುವಿಯ ಕೈಲಿದ್ದ ಸೂಜಿ ನಿಂತಿತು. ಹಾಡು ಮುಗಿಯಿತು. ಬಾವಿಯ ತಳದಿಂದ ದನಿ ಬಂತು.

"ದುವೀ..."

ಅವಳು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು ಪೆಟ್ಟಿಗೆಯ ಬಟ್ಟೆಗೆ ಹಣೆ ಹಚ್ಚಿದಳು. "ಎಲ್ಲಿದೀಯ?" ಎಂದು ಕೇಳಿದಳು. ಪೆಟ್ಟಿಗೆ ಸಿಗರೇಟಿನ ಜಾಹೀರಾತು ಹೇಳಿತು.

ಸೋಮವಾರ ದೋನ್ಯಾ ಕೂಕಾ ಇದನ್ನು ಕೇಳಿ ತುಟಿ ಕಚ್ಚಿದಳು. "ಹುಡುಗಿ, ಆ ಪೆಟ್ಟಿಗೆ ಜೊತೆ ಸಂಸಾರ ಮಾಡ್ತಾ ಇದ್ರೆ ಅದು ಕರೀದೇ ಇರುತ್ತಾ? ಮಾರಿಬಿಡು ಅದನ್ನ."

"ಮುಂದಿನ ಭಾನುವಾರ ಬನ್ನಿ. ಬಂದು ಕೇಳಿ. ಆಮೇಲೆ ಮಾರು ಅನ್ನಿ."

ಕೂಕಾ ಬಂದಳು, ಜಪಮಾಲೆ ಹಿಡಿದುಕೊಂಡೇ. ಇಬ್ಬರೂ ಪೆಟ್ಟಿಗೆಯ ಮುಂದೆ ಮೊಣಕಾಲು ಮಡಚಿ ಕೂತರು. ಬಹಳ ಹೊತ್ತು ಬರೀ ಗುಂಯ್‌ಕಾರ. "ನನ್ನ ಮಂಡಿ ಹೋಯ್ತು," ಎಂದು ಕೂಕಾ ಗೊಣಗುತ್ತಿದ್ದಂತೆ ಪೋಲ್ಕಾ ಬಂತು. ಮುಗಿಯಿತು. ಹೆಸರು ಬಂತು. ಹಿಂದೆಯೇ ಜನರ ಅಸ್ಪಷ್ಟ ಗದ್ದಲ, ಅದರ ಮೇಲೆ ಉದ್ಘೋಷಕನ ಉಲ್ಲಾಸದ ದನಿ: ಮೆಹಿಕಾಲಿಯ ಕಾರ್ಮೆಲಿತಾ ಸಭಾಂಗಣದಿಂದ ನೇರ ಪ್ರಸಾರ, ಕೇಳುಗರಿಗೆ ವಂದನೆ.

ಕೂಕಾಳ ಕೈಯಿಂದ ಜಪಮಾಲೆ ಜಾರಿತ್ತು. ಅದನ್ನೆತ್ತಿಕೊಳ್ಳುವುದನ್ನೂ ಮರೆತು, "ಬಸ್ಸು ಎಲ್ಲಿಂದ ಹೊರಡುತ್ತೆ?" ಎಂದಳು.

ಅದರ ಮುಂದಿನ ಭಾನುವಾರ, ಬೇಯಿಸಿದ ಕಾಳು ತುಂಬಿದ ತೊರ್ತಿಯಾ ರೊಟ್ಟಿ ಕಟ್ಟಿಕೊಂಡು ಇಬ್ಬರೂ ಬಸ್ಸಿನಲ್ಲಿ ಮರಳುಗಾಡು ದಾಟಿದರು. ದಾರಿಯುದ್ದಕ್ಕೂ ದುವಿ ಲೆಕ್ಕ ಹಾಕುತ್ತಿದ್ದಳು. ಅವನು ಬದುಕಿದ್ದಾನೆ, ನಾಲ್ಕು ವರ್ಷ ಬದುಕಿದ್ದು ಒಂದು ಸುದ್ದಿ ಕಳಿಸಲಿಲ್ಲ. ಹಾಗಾದರೆ ಯಾಕೆ ಪ್ರತಿ ಭಾನುವಾರ ಕರೆಯುತ್ತಾನೆ? ಬೈಯಬೇಕೋ ತಬ್ಬಿಕೊಳ್ಳಬೇಕೋ ಎಂದು ತಿಳಿಯದೆ ಅವಳು ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡಳು. ಗಡಿಯಂಚಿನ ಕಲೆಕ್ಸಿಕೊದಲ್ಲಿ ಇಳಿದು ನಡೆದೇ ಗಡಿ ದಾಟಿದರು. ಮೆಹಿಕಾಲಿಯ ಬಿಸಿಲು ಬಾಣಲೆಯ ಬಿಸಿಲು.

ಕಾರ್ಮೆಲಿತಾ ಸಭಾಂಗಣದ ಬಾಗಿಲಲ್ಲಿ ಬೆವರು, ಬಿಯರು, ಪೌಡರಿನ ವಾಸನೆ. ಒಳಗೆ ಹತ್ತಿ ಹೊಲದ ಜನ ಇಸ್ತ್ರಿ ಅಂಗಿ ತೊಟ್ಟು ಕುಣಿಯುತ್ತಿದ್ದರು. ದುವಿಗೆ ಮೊದಲು ಕಂಡದ್ದು ಗಿಟಾರು. ಕೊಂಬಿನ ಹತ್ತಿರದ ಕಪ್ಪು ಗಂಟು ದೂರದಿಂದಲೇ ಅವಳನ್ನು ನೋಡುತ್ತಿತ್ತು. ಆಮೇಲೆ ಅದನ್ನು ಹಿಡಿದವನ ಮುಖ ಕಂಡಿತು. ಕಡ್ಡಿಯಂಥ ಆಳು, ಮುಂದಿನ ಹಲ್ಲಿಲ್ಲ. ಅವನು ನಸಾರಿಯೊ ಅಲ್ಲ.

ಕೂಕಾ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಡೆಯ ಹಾಡು ಮುಗಿಯುವಾಗ ಆ ಮನುಷ್ಯ ಗಿಟಾರಿಗೆ ಮುತ್ತಿಡುವವನಂತೆ ಬಾಗಿದ. ಅದೇ ಬಾವಿ, ಅದೇ ದನಿ, ಒಂದು ಎಳೆಯೂ ವ್ಯತ್ಯಾಸವಿಲ್ಲ. ಮೇಣ ಕಾಣದ ಆ ಸುರುಳಿಯ ಮೂಲಕ ಹಾದುಬಂದರೆ ಯಾವ ಬಾಯಿಯ ದನಿಯೂ ಹಾಗೇ ಇರುತ್ತದೆ ಎಂಬುದು ಅವಳಿಗೆ ಆಗ ಹೊಳೆಯಿತು. ಆ ಮನುಷ್ಯ ತಲೆಯೆತ್ತಿದ. ಇಡೀ ಸಭಾಂಗಣ, ನೂರಾರು ಗಂಟಲು, ಒಟ್ಟಿಗೆ ಕೂಗಿ ಉತ್ತರ ಕೊಟ್ಟಿತು: "ದುವೀ!" ಎಲ್ಲರೂ ನಕ್ಕು ಟೋಪಿ ಹುಡುಕಿಕೊಂಡು ಬಾಗಿಲ ಕಡೆ ಹೊರಟರು. ತಮ್ಮ ನಡುವೆ ನಿಂತ ಬೂದುಬಣ್ಣದ ಹೆಂಗಸನ್ನು ಬಳಸಿಕೊಂಡು ಹೋದರು.

ಗಿಟಾರಿನವನ ಹೆಸರು ಅಬುಂದಿಯೊ. ವೇದಿಕೆಯ ಅಂಚಿನಲ್ಲಿ ಕೂತು ಅವನು ತಂತಿ ಒರೆಸುತ್ತಿದ್ದ.

"ಇದು ನಿಮಗೆ ಎಲ್ಲಿ ಸಿಕ್ತು?" ಎಂದಳು ದುವಿ.

"ಸತ್ತೋನದು, ಸೆನ್ಯೋರಾ. ನಸಾರಿಯೊ ಅಂತ. ಹತ್ತಿ ಶಿಬಿರದಲ್ಲಿ ನನ್ನ ಪಕ್ಕದ ಚಾಪೆಯೋನು."

"ಯಾವಾಗ?"

"ನಾಲ್ಕು ವರ್ಷ ಆಯ್ತು. ಬಂದ ಮೊದಲನೇ ಆಗಸ್ಟು. ಹೊಲದಲ್ಲೇ ಬಿಸಿಲು ಬಡೀತು. ಮೂರು ದಿನ ಜ್ವರದಲ್ಲಿ ಏನೇನೋ ಮಾತಾಡ್ದ, ಆಮೇಲೆ ಮಾತಾಡ್ಲಿಲ್ಲ." ಅವನು ಅವಳ ಮುಖ ನೋಡಿ ನಿಧಾನವಾಗಿ ಎದ್ದು ನಿಂತ. "ನೀವು ಅವನಿಗೆ ಏನಾಗ್ಬೇಕು?"

"ಆ ಕಡೇಲಿ ಒಂದು ಮಾತು ಅಂತೀರಲ್ಲ. ಅದು ಯಾಕೆ ಅಂತೀರಿ?"

"ಅದಾ? ಅವನೇ ಹೇಳ್ಕೊಟ್ಟಿದ್ದು. ಜ್ವರದಲ್ಲಿ ಮಲಗಿದ್ದಾಗ್ಲೂ ಗಿಟಾರು ತಗೊಂಡ್ಬಾ ಅನ್ನೋನು. ಅದರ ಮೇಲೆ ಬಾಯಿಟ್ಟು ಅದೇ ಅನ್ನೋನು. ಅಲ್ಲಿ ಕರೆಂಟೂ ಇರ್ಲಿಲ್ಲ, ಪೆಟ್ಟಿಗೇನೂ ಇರ್ಲಿಲ್ಲ, ಯಾರಿಗೆ ಕೇಳ್ಬೇಕು? 'ನಿಲ್ಸೋ ಮೊದ್ಲು ಇದನ್ನ ಹೇಳ್ಲೇಬೇಕು ಅಬುಂದಿಯೊ, ಮರೀಬೇಡ' ಅಂದ. ನಾನು..." ಅವನು ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಹಿಡಿದ. "ನಾನು ಗಿಟಾರಿನ ಕಂಪನಿ ಹೆಸರು ಅಂದ್ಕೊಂಡಿದ್ದೆ ಸೆನ್ಯೋರಾ. ಹಿಂಗೆ ಹೇಳಿದ್ರೆ ಮಾತ್ರ ಅದು ಕಿರುಚೋದು ನಿಲ್ಸುತ್ತೆ ಅಂತ."

"ಅದು ನಾನು," ಎಂದಳು ದುವಿ.

ಅಬುಂದಿಯೊ ಮತ್ತೆ ವೇದಿಕೆಯ ಅಂಚಿನಲ್ಲಿ ಕೂತುಬಿಟ್ಟ. ಟೋಪಿ ತೆಗೆದ. "ಎಲ್ಲಿಗೆ ತಿಳಿಸ್ಲಿ ಅಂತ ಕೇಳ್ದೆ. 'ಮೇಲೆ, ಕಿತ್ತಳೆ ಹತ್ರ' ಅಂದ ಅಷ್ಟೆ. ಉತ್ತರಕ್ಕೆ, ಗಡಿ ಮೇಲ್ಗಡೆ ಎಲ್ಲಾ ಕಡೆ ಕಿತ್ತಳೇನೇ ಇದೆಯಂತಲ್ಲ."

ಅವನು ಅವರನ್ನು ಮಾರನೆಯ ಬೆಳಿಗ್ಗೆ ಹೂತ ಜಾಗಕ್ಕೆ ಕರೆದುಕೊಂಡು ಹೋದ. ಕಾಲುವೆಯ ದಡದಲ್ಲಿ ಕಡ್ಡಿಯ ಶಿಲುಬೆಗಳಿದ್ದ ಜಾಗವನ್ನು ಯಾರೋ ಉತ್ತುಬಿಟ್ಟಿದ್ದರು. ಎದೆಯೆತ್ತರ ಹತ್ತಿ ನಿಂತಿತ್ತು. ಅಬುಂದಿಯೊ ಆ ಸಾಲಿನಲ್ಲಿ ನಡೆದ, ಈ ಸಾಲಿನಲ್ಲಿ ನಡೆದ, ನಡುವೆ ನಿಂತು ಕೈ ಚೆಲ್ಲಿದ. "ಇಲ್ಲೇ ಎಲ್ಲೋ," ಎಂದ. ದುವಿ ಪ್ರತಿ ಸಾಲಿನಲ್ಲೂ ನಡೆದಳು. ಎಲ್ಲಿಯೂ ಅವಳ ಮೈ ಜುಮ್ಮೆನ್ನಲಿಲ್ಲ. ಯಾವ ಮಣ್ಣೂ ಅವಳನ್ನು ಕರೆಯಲಿಲ್ಲ.

ಅಬುಂದಿಯೊ ಗಿಟಾರನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟ. "ನಿಮ್ದು. ತಗೊಂಡ್ಹೋಗಿ. ಹೆಂಗೂ ಅದು ಸಾಯ್ತಾ ಇದೆ. ಒಂದೊಂದ್ಸಲ ದನಿ ಬರುತ್ತೆ, ಒಂದೊಂದ್ಸಲ ಇಲ್ಲ."

"ಇದು ಹೋದ್ರೆ ನೀವು ಭಾನುವಾರ ಏನ್ಮಾಡ್ತೀರಿ?"

"ಹತ್ತಿ ಬಿಡಿಸ್ತೀನಿ. ಇನ್ನೇನು?"

ಅವನ ಮನೆಯ ಅಡಿಗೆ ಮೇಜಿನ ಮೇಲೆ ಅವಳು ಗಿಟಾರನ್ನು ಬಿಚ್ಚಿದಳು. ಪಕ್ಕದ ರೇಡಿಯೋ ರಿಪೇರಿಯವನಿಂದ ಬೆಸುಗೆ ಕಡ್ಡಿ ತಂದರು. ಮಾತ್ರೆಯ ಬುಡದಲ್ಲಿ ಟೇಪಿನ ಚೂರು ಹಳದಿಗಟ್ಟಿತ್ತು, ಅದರ ಮೇಲೆ ಅವಳದೇ ಅಕ್ಷರ. ಹೊರಗಿನ ಸುತ್ತು ಬೆವರು ಇಳಿದು ಹಸಿರುಗಟ್ಟಿ, ತುದಿಯಲ್ಲಿ ಕಡಿದಿತ್ತು. ಬಾಯಿ, ಕೈ, ಹಣೆ, ಯಾರ ಬೆವರೋ. ಅವಳು ಕೆಟ್ಟ ಸುತ್ತನ್ನು ಬಿಚ್ಚಿ ತೆಗೆದು ತುದಿಯನ್ನು ಬೆಸೆದಳು. ಕೆಲಸ ಅಷ್ಟೇ ಇತ್ತು. ಆದರೆ ಅವಳು ಮುಚ್ಚಳ ಹಾಕದೆ ಕೂತಿದ್ದಳು.

ಕೂಕಾ ಹೊರಗೆ ಹೋಗಿ ಬಂದಳು. ಚರ್ಚಿನ ಅಂಗಡಿಯಿಂದ ಮೇಣದ ಬತ್ತಿಗಳನ್ನು ತಂದಿದ್ದಳು. ಅವನ್ನು ಮುರಿದು ತಗಡಿನ ಬಟ್ಟಲಿಗೆ ಹಾಕಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಒಲೆಯ ಮೇಲೆ ಕರಗಿಸಿದಳು.

"ಈಗ್ಲಾದ್ರೂ ಅದ್ದು ಮಗಳೇ. ಅವನು ಮಲಗ್ಲಿ."

"ಅದ್ದಿದ್ರೆ ಮತ್ತೆ ಕರಿಯಲ್ಲ ದೋನ್ಯಾ."

"ಕರ್‍ದಿದ್ದು ಅವನಾ? ನೀನೇ ನೋಡಿದ್ಯಲ್ಲ."

ದುವಿ ಸುರುಳಿಯನ್ನು ತಂತಿಯ ಕೊಕ್ಕೆಯಲ್ಲಿ ಇಳಿಬಿಟ್ಟು ಮೇಣದೊಳಗೆ ಇಳಿಸಿದಳು. ಸುತ್ತುಗಳ ನಡುವೆ ಅಡಗಿದ್ದ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ಮೇಲಕ್ಕೆ ಬರತೊಡಗಿತು. ಕಾರ್ಖಾನೆಯಲ್ಲಿ ಈ ಗುಳ್ಳೆಗಳನ್ನು ಅವಳು ಎಣಿಸಲಾರದಷ್ಟು ಸಲ ಕಂಡಿದ್ದಳು. ಗುಳ್ಳೆ ನಿಂತರೆ ಕೆಲಸವಾಯಿತೆಂದು ಅರ್ಥ. ಅಂದು ಒಂದೊಂದು ಗುಳ್ಳೆ ಒಡೆದಾಗಲೂ ಅವಳ ತುಟಿ ಅಲ್ಲಾಡಿತು. ಗುಳ್ಳೆ ವಿರಳವಾಯಿತು. ಒಂದು ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಬರಲಿಲ್ಲ. ಕೂಕಾ ಸತ್ತವರ ಪ್ರಾರ್ಥನೆ ಶುರುಮಾಡಿದಳು, ಅಬುಂದಿಯೊ ಗೋಡೆಗೆ ಮುಖ ಮಾಡಿ ನಿಂತ. ಅವಳು ಸುರುಳಿಯನ್ನು ಎತ್ತಿ, ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಗಿಟಾರಿಗೆ ಜೋಡಿಸಿ ಅವನ ಕೈಗೇ ಕೊಟ್ಟಳು.

ಫುಲರ್ಟನ್ನಿಗೆ ಬಂದು ಅವಳು ಕರಿಬಟ್ಟೆ ಉಟ್ಟಳು. ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಅಕಾರ್ಡಿಯನ್ನಿನವನಿಗೆ ಕೊಟ್ಟುಬಿಟ್ಟಳು. ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದಳು. ಆದರೆ ಮರುವರ್ಷ ಮೆಹಿಕಾಲಿಯಲ್ಲಿ ನುಡಿಸಿ ಬಂದ ಸಂಗೀತಗಾರನೊಬ್ಬ ಕಾರ್ಖಾನೆಯ ಬಾಗಿಲಲ್ಲಿ ಸಿಕ್ಕು ಒಂದು ವಿಚಿತ್ರ ಹೇಳಿದ. ಕಾರ್ಮೆಲಿತಾ ಸಭಾಂಗಣದಲ್ಲಿ ಕಡೆಯ ಹಾಡು ಮುಗಿದರೆ ಗಿಟಾರಿನವನು ತುಟಿ ಬಿಚ್ಚುವುದಿಲ್ಲವಂತೆ, ಸುಮ್ಮನೆ ತಲೆ ಬಗ್ಗಿಸುತ್ತಾನಂತೆ; ಜನವೇ ಏನೋ ಒಂದು ಮಾತು ಕೂಗಿ ಮನೆಗೆ ಹೋಗುತ್ತಾರಂತೆ. ಯಾಕೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹೊಸದಾಗಿ ಬಂದವರೂ ಕಲಿತುಕೊಂಡಿದ್ದಾರೆ.

"ಏನು ಮಾತು?" ಎಂದು ಅವಳು ಕೇಳಲಿಲ್ಲ. ಊಟದ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಅಂದು ಅವಳ ಮೇಜಿನ ಕೆಳಗೆ ತುಂಡು ತಂತಿ ಬಹಳ ಬಿದ್ದಿತ್ತು ಎಂದು ಕೂಕಾ ಆಮೇಲೆ ಹೇಳುತ್ತಿದ್ದಳು.

ಭಾನುವಾರಗಳೇ ಕಷ್ಟವಾದವು. ಮಧ್ಯಾಹ್ನ ಇಳಿಯುವ ಹೊತ್ತಿಗೆ, ಅಲ್ಲಿ ಕುಣಿತ ಮುಗಿಯುವ ವೇಳೆಗೆ, ಅವಳ ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು. ನೂರಾರು ಮೈಲಿ ದೂರದಲ್ಲಿ ಗುರುತಿಲ್ಲದ ಜನ ತನ್ನನ್ನು ಕೂಗುತ್ತಿದ್ದಾರೆ, ಕೂಗಿ ಮರೆತು ಊಟಕ್ಕೆ ಹೋಗುತ್ತಿದ್ದಾರೆ. ಯಾವ ಮೇಣದಲ್ಲಿ ಅದ್ದಿ ಅದನ್ನು ನಿಲ್ಲಿಸುವುದು? "ಹಂಗಂತ ಬೇಜಾರೂ ಇಲ್ಲ," ಎಂದಳು ಒಮ್ಮೆ ಕೂಕಾಳ ಹತ್ತಿರ. "ಭಯ ಆಗುತ್ತೆ. ನಿಂತುಹೋದ್ರೆ ಅಂತಾನೂ ಭಯ ಆಗುತ್ತೆ."

ದೋನ್ಯಾ ಕೂಕಾ ಅರವತ್ತೆರಡನೆಯ ಇಸವಿಯಲ್ಲಿ ತೀರಿಕೊಂಡಳು. ಹಾಲರನ್ ಸಾಹೇಬ ಮುದುಕನಾಗಿ ಕಾರ್ಖಾನೆಯನ್ನು ದೊಡ್ಡ ಕಂಪನಿಯೊಂದಕ್ಕೆ ಮಾರಿದ. ಹೊಸಬರು ತಾನಾಗಿ ಸುತ್ತುವ ಯಂತ್ರ ತಂದರು. ಟೇಪಿನ ಚೂರು, ಅಕ್ಷರ ಎಲ್ಲ ಹೋಯಿತು. ದುವಿಯನ್ನು ಪೆಟ್ಟಿಗೆಗೆ ಬಟ್ಟೆ ಅಂಟಿಸುವ ವಿಭಾಗಕ್ಕೆ ಹಾಕಿದರು. ಅವಳು ಮತ್ತೆ ಮದುವೆಯಾಗಲಿಲ್ಲ, ಕೇಳಿದವರು ಇಲ್ಲದೆ ಏನೂ ಅಲ್ಲ. ಕಿತ್ತಳೆ ತೋಟಗಳನ್ನು ಕಡಿದು ದೊಡ್ಡ ಹೆದ್ದಾರಿ ಬಂದಾಗ, ಓಣಿಯ ಜನರೆಲ್ಲ ಸದ್ದು ತಾಳಲಾರದೆ ದೂರ ದೂರಕ್ಕೆ ಮನೆ ಬದಲಾಯಿಸಿದರು. ದುವಿ ಹೋಗಿ ಹೆದ್ದಾರಿಯ ಬೇಲಿಗೆ ಅಂಟಿಕೊಂಡಿದ್ದ, ಯಾರೂ ಕೊಳ್ಳದ ಒಂದು ಪುಟ್ಟ ಮನೆಯನ್ನು ಕೊಂಡಳು. ಬೀಗದ ಕೈ ಕೊಡಲು ಬಂದ ಏಜೆಂಟ್ ಹುಡುಗನಿಗೇ ನಾಚಿಕೆಯಾಗಿ, ಕಿಟಕಿಗೆ ದಪ್ಪ ಗಾಜು ಹಾಕಿಸಿಕೊಳ್ಳಿ ಎಂದು ಸಲಹೆ ಕೊಟ್ಟ. ಅವಳು ಅವನನ್ನು ಬೀಳ್ಕೊಟ್ಟು ಕಿಟಕಿಗಳನ್ನೆಲ್ಲ ತೆರೆದಳು. ಲಾರಿಗಳು ಹಗಲೂ ರಾತ್ರಿ ದಕ್ಷಿಣಕ್ಕೆ ಹೋಗುತ್ತಿದ್ದವು, ದಕ್ಷಿಣದಿಂದ ಬರುತ್ತಿದ್ದವು. ಮನೆಯ ಗೋಡೆ ಹಳೆಯ ಪೆಟ್ಟಿಗೆಯಂತೆ ಗುಂಯ್‌ಗುಡುತ್ತ ಸಣ್ಣಗೆ ನಡುಗುತ್ತಿತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು ಕೂತು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು, ಮೆಣಸಿನಕಾಯಿಯ ತೊಟ್ಟು ಬಿಡಿಸತೊಡಗಿದಳು.